ಎಣ್ಣೆ ಬಿದ್ದ ಜಾಗ ಬೇರೆ, ಹೊರಟ ಜಾಗ ಬೇರೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಎಂಜಿನ್ ಆಯಿಲ್ ಸೋರುತ್ತಿದೆ ಎಂದು ಗ್ಯಾರೇಜಿಗೆ ಹೋದಾಗ, ಎಲ್ಲಿಂದ ಸೋರುತ್ತಿದೆ ಎಂದು ತೋರಿಸದೆಯೇ ಬಿಚ್ಚುವ ಮಾತಾಡುವವನು ರಿಪೇರಿ ಮಾಡುತ್ತಿಲ್ಲ, ಜೂಜಾಡುತ್ತಿದ್ದಾನೆ. ಎಲೆ ಹಾಕುವವನು ಅವನು, ದುಡ್ಡು ಕಟ್ಟುವವರು ನಾವು. ಸೋತರೆ ನಮ್ಮ ದುಡ್ಡು ಹೋಯಿತು. ಗೆದ್ದರೂ ಅವನು ಗೆದ್ದ, ನಮ್ಮದು ಹೇಗೂ ಹೋಯಿತು!

ಮುಂಬಯಿ, ಠಾಣೆ, ಪುಣೆ ಕಡೆಯಲ್ಲಿ ನೆಲೆಸಿದ ನಮ್ಮವರಿಗೆಲ್ಲ ಇದು ಗೊತ್ತಿರುವ ಚಿತ್ರವೇ. ಪಾರ್ಕಿಂಗ್‌ನಲ್ಲಿ ಕಾರಿನ ಕೆಳಗೆ ಎರಡು ಕಪ್ಪು ಚುಕ್ಕೆ. ಸೊಸೈಟಿಯ ಸೆಕ್ರೆಟರಿ ಮುಖ ಗಂಟಿಕ್ಕುತ್ತಾರೆ. ಭಾನುವಾರ ಗ್ಯಾರೇಜಿಗೆ ಹೋಗುತ್ತೀರಿ. ಮೆಕ್ಯಾನಿಕ್ ಬಗ್ಗಿ ಮೊಬೈಲಿನ ಟಾರ್ಚ್ ಬಿಡುತ್ತಾನೆ, ಬೆರಳಲ್ಲಿ ಎಣ್ಣೆ ಒರೆಸಿ ನೋಡುತ್ತಾನೆ, ಎದ್ದು ನಿಂತು ತೀರ್ಪು ಕೊಡುತ್ತಾನೆ: "ಸಾಬ್, ಪೀಛೇ ಕಾ ಸೀಲ್ ಗಯಾ. ಗೇರ್‌ಬಾಕ್ಸ್ ಉತಾರ್ನಾ ಪಡೇಗಾ." ಅರ್ಧ ನಿಮಿಷವೂ ಆಗಿರುವುದಿಲ್ಲ. ನಮ್ಮ ಹಿಂದಿ, ಮರಾಠಿ ಎಲ್ಲ ತರಕಾರಿ ಚೌಕಾಸಿಗೆ ಸಾಕು ಸ್ವಾಮಿ, ಕ್ರ್ಯಾಂಕ್ ಸೀಲಿನ ವಾದಕ್ಕೆ ಸಾಲದು. "ಹಾಂ ಭಾಯ್, ಕರ್ ದೋ" ಎಂದು ಹೇಳಿ ಆಟೊ ಹಿಡಿದು ಮನೆಗೆ ಬರುವವರೇ ನಮ್ಮಲ್ಲಿ ಹೆಚ್ಚು. ಪರಊರಿನಲ್ಲಿ ಜಗಳ ಯಾಕೆ ಎನ್ನುವ ಆ ಹಳೇ ಬುದ್ಧಿ ಮೂವತ್ತು ವರ್ಷ ಕಳೆದರೂ ಬಿಡುವುದಿಲ್ಲ.

ಜಗಳ ಬೇಡ, ಒಪ್ಪಿದೆ. ಒಂದು ಪ್ರಶ್ನೆ ಕೇಳೋಣ ಅಷ್ಟೇ. "ಎಲ್ಲಿಂದ?"

ಊರಲ್ಲಿ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ದೇವರಕೋಣೆಯ ಬಾಗಿಲ ಹತ್ತಿರ ನೀರು ತೊಟ್ಟಿಕ್ಕುತ್ತಿದ್ದರೆ ಒಡೆದ ಹೆಂಚು ಅದರ ನೇರ ಮೇಲೆ ಇರುತ್ತಿತ್ತೇ? ಎಲ್ಲೋ ಮೇಲೆ ಒಡೆದಿರುತ್ತದೆ. ನೀರು ರೀಪಿನ ಮೇಲೆ ಹರಿದು, ಪಕ್ಕಾಸು ಹಿಡಿದು ಇಳಿದು, ಒಂದು ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ಹೆಂಚು ಹೊದೆಸುವವನು ಬಂದರೆ ಕೆಳಗಿನ ನೀರು ನೋಡುತ್ತಿರಲಿಲ್ಲ, ಏಣಿ ಹತ್ತಿ ಮೇಲಿಂದ ಹುಡುಕುತ್ತಿದ್ದ. ಕಾರಿನ ಎಂಜಿನ್ನೂ ಅಂಥದ್ದೇ ಒಂದು ಮಾಡು. ಎಣ್ಣೆ ಮೇಲಿಂದ ಕೆಳಗೆ ಇಳಿಯುತ್ತದೆ. ಕಾರು ಓಡುವಾಗ ಮುಂದಿನಿಂದ ಬೀಸುವ ಗಾಳಿ ಅದನ್ನು ಹಿಂದಕ್ಕೆ, ಪಕ್ಕಕ್ಕೆ ತಳ್ಳುತ್ತದೆ. ಹಾಗಾಗಿ ಎಲ್ಲಿಂದ ಸೋರಿದರೂ ಕೊನೆಗೆ ಒದ್ದೆಯಾಗುವುದು ತಳದ ಅಂಚುಗಳೇ: ಆಯಿಲ್ ಚೇಂಬರಿನ ಮೂಲೆ, ಇಲ್ಲವೇ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದು. ಅಲ್ಲಿ ಎಣ್ಣೆ ಕಂಡ ಕೂಡಲೇ "ಹಿಂದಿನ ಸೀಲ್ ಹೋಯಿತು" ಎನ್ನುವುದು, ದೇವರಕೋಣೆಯ ನೆಲ ಒದ್ದೆಯಾಗಿದೆ ಎಂದು ನೆಲ ಅಗೆದ ಹಾಗೆ.

ಎಣ್ಣೆ ಹೊರಬರಲು ಎಷ್ಟು ದಾರಿ ಇವೆ ನೋಡಿ. ಮೇಲಿಂದ ಬರೋಣ. ಎಣ್ಣೆ ಹುಯ್ಯುವ ಮುಚ್ಚಳದ ರಬ್ಬರು. ಅದರ ಕೆಳಗೆ ಟ್ಯಾಪೆಟ್ ಕವರ್ ಪ್ಯಾಕಿಂಗ್, ಎಂಜಿನ್ನಿನ ಶಾಖಕ್ಕೆ ವರ್ಷಾನುಗಟ್ಟಲೆ ಬೆಂದು ಗಟ್ಟಿಯಾಗುವ ರಬ್ಬರಿನ ಉಂಗುರ. ಹಳೆಯ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರಿನ ಬುಡದ ಓ-ರಿಂಗ್. ಪಕ್ಕದಲ್ಲಿ ಕ್ಯಾಮ್‌ಶಾಫ್ಟಿನ ಸೀಲ್. ಇನ್ನೂ ಕೆಳಗೆ ಆಯಿಲ್ ಪ್ರೆಶರ್ ಸ್ವಿಚ್, ಹೆಬ್ಬೆರಳಿನಷ್ಟು ಗಾತ್ರದ್ದು, ಸೋರಲು ಶುರುವಾದರೆ ವೈರಿನ ಕನೆಕ್ಟರಿನೊಳಗೂ ಎಣ್ಣೆ ಏರಿಸುತ್ತದೆ. ಆಮೇಲೆ ಆಯಿಲ್ ಫಿಲ್ಟರು. ಮುಂದಿನ ಕ್ರ್ಯಾಂಕ್ ಸೀಲ್. ಚೇಂಬರ್ ಪ್ಯಾಕಿಂಗ್. ಎಣ್ಣೆ ಇಳಿಸುವ ಡ್ರೇನ್ ಬೋಲ್ಟಿನ ವಾಷರ್. ಕಟ್ಟಕಡೆಗೆ ಹಿಂದಿನ ಕ್ರ್ಯಾಂಕ್ ಸೀಲ್. ಹತ್ತು ದಾರಿಗಳಲ್ಲಿ ಗೇರ್‌ಬಾಕ್ಸ್ ಇಳಿಸಲೇಬೇಕಾದ್ದು ಸಾಮಾನ್ಯವಾಗಿ ಆ ಕೊನೆಯದೊಂದಕ್ಕೆ. ಮಜೂರಿ ಅತಿ ಹೆಚ್ಚು ಬೀಳುವುದೂ ಅದಕ್ಕೇ. ಗ್ಯಾರೇಜಿನವನ ಊಹೆ ಮೊದಲು ಅಲ್ಲಿಗೇ ಹೋಗಿ ನಿಲ್ಲುತ್ತದಲ್ಲ, ಅದೇನು ಕಾಕತಾಳೀಯವೋ!

ನನ್ನ ಕಾರಿನ ಲೆಕ್ಕವನ್ನೇ ಮುಂದಿಡುತ್ತೇನೆ. 2012ರ ಸಣ್ಣ ಪೆಟ್ರೋಲ್ ಕಾರು, ಕಂಪನಿಯ ಹೆಸರು ಇಲ್ಲಿ ಬೇಡ. ಪ್ರತಿ ಮೇ ತಿಂಗಳಲ್ಲಿ ಅದರಲ್ಲೇ ನಾವು ಊರಿಗೆ ಹೋಗುವುದು. ಪನ್ವೇಲ್ ದಾಟಿ, ಪೋಲಾದಪುರ, ಕಶೇಡಿ, ರತ್ನಾಗಿರಿ ಕಡೆಯ ಏರಿಳಿತ, ಗೋವಾ, ಕಾರವಾರ. ಒಂದು ದಿಕ್ಕಿಗೆ ಸುಮಾರು 900 ಕಿಲೋಮೀಟರ್. ಹೊರಡಲು ಮೂರು ವಾರ ಇರುವಾಗ ಗೇರ್‌ಬಾಕ್ಸ್ ಸಂದಿನಲ್ಲಿ ಎಣ್ಣೆ ಕಾಣಿಸಿತು. ದೊಡ್ಡ ಬೋರ್ಡಿನ ಒಂದು ಗ್ಯಾರೇಜಿನವರು ಚೀಟಿ ಬರೆದುಕೊಟ್ಟರು: ಹಿಂದಿನ ಸೀಲ್, ಗೇರ್‌ಬಾಕ್ಸ್ ಇಳಿಸಿ ಏರಿಸುವ ಮಜೂರಿ, "ಹೇಗೂ ಇಳಿಸ್ತೀವಲ್ಲ" ಎಂದು ಕ್ಲಚ್ ಸೆಟ್, ಹೊಸ ಗೇರ್ ಆಯಿಲ್. ಒಟ್ಟು 18,500 ರೂಪಾಯಿ. "ಸೀಲಿನಿಂದಲೇ ಬರುತ್ತಿದೆ ಅಂತ ಹೇಗೆ ಗೊತ್ತಾಯಿತು?" ಎಂದೆ. "ಎಣ್ಣೆ ಅಲ್ಲೇ ಇದೆಯಲ್ಲ ಸಾಬ್" ಎಂದರು. ಎಂಜಿನ್ ತೊಳೆದು ನೋಡಿದ್ದೀರಾ ಎಂದರೆ, ಅದೆಲ್ಲ ಟೈಮ್‌ಪಾಸ್ ಎನ್ನುವ ಉತ್ತರ. ಕೀಲಿ ವಾಪಸು ತೆಗೆದುಕೊಂಡು ಬಂದೆ.

ರೈಲ್ವೆ ಹಳಿಯ ಆಚೆ ಬದಿಯಲ್ಲಿ ತಗಡಿನ ಮಾಡಿನ ಕೆಳಗೆ ಕೂರುವ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. ಅವರ ಹತ್ತಿರ ಹೋದೆ. ಅವರು ಮೊದಲು ಹೇಳಿದ್ದು ದರ. "ಹುಡುಕೋದಕ್ಕೆ 400 ರೂಪಾಯಿ. ಕೆಲಸ ನನ್ನ ಹತ್ತಿರ ಮಾಡಿಸಿ, ಬಿಡಿ, 400 ನನ್ನದು." ಈ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ, ನೆಮ್ಮದಿಯಾಯಿತು. ಹುಡುಕುವುದೂ ಕೆಲಸವೇ ಎಂದು ತಿಳಿದ ಮನುಷ್ಯ ಸಿಕ್ಕಿದ್ದ.

ಅವರು ಮಾಡಿದ್ದಿಷ್ಟು. ಎಂಜಿನ್ ತಣಿದ ಮೇಲೆ ಆಲ್ಟರ್ನೇಟರಿಗೂ ವೈರಿನ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಕಟ್ಟಿದರು. ಜಿಡ್ಡು ತೆಗೆಯುವ ದ್ರಾವಣ ಹಚ್ಚಿ, ಬ್ರಷ್‌ನಿಂದ ಉಜ್ಜಿ, ಒರೆಸಿ, ಗಾಳಿ ಹೊಡೆದು ಒಣಗಿಸಿದರು. ಹಳೆಯ ಜಿಡ್ಡು ಇರುವವರೆಗೆ ಹೊಸ ಸೋರಿಕೆ ಕಾಣುವುದೇ ಇಲ್ಲ, ಎಲ್ಲ ಒಂದೇ ಕಪ್ಪು. ಆಮೇಲೆ ಸಂದುಗಳ ಮೇಲೆಲ್ಲ ಮಕ್ಕಳಿಗೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿದರು! ಹದಿನೈದು ನಿಮಿಷ ಎಂಜಿನ್ ಓಡಿಸಿ, ಒಂದು ಸುತ್ತು ಕಾರು ಓಡಿಸಿ ತಂದು, ಮೇಲಿಂದ ಕೆಳಕ್ಕೆ ಟಾರ್ಚ್ ಬಿಟ್ಟರು. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಬಿಳಿ ಪುಡಿಯ ಮೇಲೆ ಒಂದು ಕಂದು ಗೆರೆ ಇಳಿದಿತ್ತು. ಬ್ಲಾಕಿನ ಬೆನ್ನ ಮೇಲೆ ಹಾವಿನ ಹಾಗೆ ಹರಿದು ಗೇರ್‌ಬಾಕ್ಸಿನ ಸಂದಿಗೆ ಹೋಗಿ ಸೇರುತ್ತಿತ್ತು. ಸೀಲ್ ಪಾಪ ಏನೂ ಮಾಡಿರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೂ ಅರ್ಧ ಕೆಲಸವೇ ಆಗುತ್ತಿತ್ತು. ಪ್ಯಾಕಿಂಗ್ ಯಾಕೆ ಸೋರಿತು? ಮಿಸ್ತ್ರಿ ಎಂಜಿನ್ ಐಡಲಿನಲ್ಲಿ ಬಿಟ್ಟು, ಎಣ್ಣೆ ಹುಯ್ಯುವ ಮುಚ್ಚಳ ತೆಗೆದು, ಬಾಯಿಯ ಮೇಲೆ ಒಂದು ತುಂಡು ಕಾಗದ ಇಟ್ಟರು. ಸರಿಯಿರುವ ಎಂಜಿನ್ ಆ ಕಾಗದವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. ನನ್ನದರಲ್ಲಿ ಅದು ಎಗರಿ ಬಿತ್ತು. ವಿಷಯ ಏನೆಂದರೆ, ಪಿಸ್ಟನ್ ಪಕ್ಕದಿಂದ ಒಂದಿಷ್ಟು ಅನಿಲ ಕೆಳಕ್ಕೆ ನುಸುಳುವುದು ಎಲ್ಲ ಎಂಜಿನ್‌ಗಳಲ್ಲೂ ಇದ್ದದ್ದೇ. ಅದು ಹೊರಗೆ ಹೋಗಲು ಪಿಸಿವಿ ಎಂಬ ಸಣ್ಣ ವಾಲ್ವು, ಒಂದು ಹೋಸು ಇರುತ್ತವೆ, ಎಂಜಿನ್ನಿನ ಉಸಿರಾಟದ ದಾರಿ ಅನ್ನಿ. ಅದು ಜಿಡ್ಡು ಕಟ್ಟಿ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಏರಿದ ಒತ್ತಡ ಎಲ್ಲಿ ಬಡಪಾಯಿ ಪ್ಯಾಕಿಂಗ್ ಇದೆಯೋ ಅಲ್ಲಿಂದ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಈ ವಾಲ್ವು ನೋಡದೆ ಸೀಲ್ ಬದಲಿಸಿದರೆ? ಹೊಸ ಸೀಲೂ ಆರು ತಿಂಗಳಲ್ಲಿ ಒದ್ದೆ. ಆಗ "ಪಾರ್ಟ್ ಡೂಪ್ಲಿಕೇಟ್ ಬಂದಿತ್ತು ಸಾಬ್" ಎಂಬ ಇನ್ನೊಂದು ಕತೆ.

ಪ್ಯಾಕಿಂಗ್, ಪಿಸಿವಿ ವಾಲ್ವು, ಮಜೂರಿ, ಹುಡುಕಿದ 400 ಎಲ್ಲ ಸೇರಿ 1,950 ರೂಪಾಯಿ. ಎರಡು ವಾರ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ ನೋಡಿದೆ, ಒಣಗಿತ್ತು. ಊರಿಗೆ ಹೋಗಿ ಬಂದದ್ದಾಯಿತು. ಡಿಪ್‌ಸ್ಟಿಕ್‌ನಲ್ಲಿ ಗೆರೆ ಇಳಿಯಲಿಲ್ಲ. 18,500 ಎಲ್ಲಿ, 1,950 ಎಲ್ಲಿ? ನನ್ನ ದೂರು ಬರೀ ದುಡ್ಡಿನದಲ್ಲ. ಆ 18,500 ಕೊಟ್ಟಿದ್ದರೂ ಕಾರು ಸೋರುತ್ತಲೇ ಇರುತ್ತಿತ್ತು!

ನನಗೆ ಹೋಗಿ ಕೇಳಲು ಕಾಲು ಇತ್ತು, ಸಮಯ ಇತ್ತು. ಎಲ್ಲರಿಗೂ ಇರುವುದಿಲ್ಲ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರಿದ್ದಾರೆ, ನಾವೆಲ್ಲ ಕಾಕಾ ಎನ್ನುತ್ತೇವೆ. ಕಾಕುವಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಗೆ ಹೋಗಿ ಬರಲೆಂದೇ ಕಾಕಾ ಹಳೆಯ ಕಾರನ್ನು ಮಗುವಿನ ಹಾಗೆ ಇಟ್ಟುಕೊಂಡಿದ್ದರು. ಅದಕ್ಕೂ ಎಣ್ಣೆ ಸೋರಿತು. ಇನ್ನೊಂದು ಗ್ಯಾರೇಜಿನವನು "ಎಂಜಿನ್ ಖತಮ್, 45,000 ಆಗುತ್ತೆ, ಅದಕ್ಕಿಂತ ಮಾರಿಬಿಡಿ, ನಾನೇ ಗಿರಾಕಿ ಕೊಡಿಸ್ತೀನಿ" ಎಂದ. ಕಾಕಾ ಗುಜರಿಯ ಬೆಲೆಗೆ ಕೊಟ್ಟುಬಿಟ್ಟರು. ನಾಲ್ಕು ತಿಂಗಳ ಮೇಲೆ ಅದೇ ಕಾರು ನಮ್ಮ ಗಲ್ಲಿಯಲ್ಲೇ ಸಿಕ್ಕಿತು, ಹೊಸ ಸೀಟ್ ಕವರ್ ಹಾಕಿಕೊಂಡು. ಓಡಿಸುತ್ತಿದ್ದ ಹುಡುಗನನ್ನು ಎಂಜಿನ್ ಏನಾಯಿತು ಎಂದು ಕೇಳಿದೆ. "ಏನೂ ಇಲ್ಲ ಅಂಕಲ್, ಪ್ರೆಶರ್ ಸ್ವಿಚ್ ಸೋರುತ್ತಿತ್ತು, ಬದಲಿಸಿದೆ" ಎಂದ.

ಕಾಕಾಗೆ ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದೆ. "ಇರ್ಲಿ ಬಿಡೋ ತಮ್ಮಾ, ಗಾಡಿಗೂ ವಯಸ್ಸಾಗಿತ್ತು, ನನಗೂ ಆಗೇತಿ" ಎಂದರು. ಅಷ್ಟೇ. ಈಗ ಬೆಳಿಗ್ಗೆ ಆರಕ್ಕೆ ಇಬ್ಬರೂ ಗೇಟಿನ ಹತ್ತಿರ ಆಟೊ ಕಾಯುತ್ತಾ ನಿಂತಿರುತ್ತಾರೆ. ಮಳೆ ಇದ್ದರೆ ಆಟೊದವರು ನಿಲ್ಲಿಸುವುದಿಲ್ಲ. ಅರ್ಧ ನಿಮಿಷದ ಟಾರ್ಚಿನ ತೀರ್ಪಿಗೆ ಇಷ್ಟು ಬೆಲೆ ಇದೆ ಮಾರಾಯ್ರೆ. ಅದನ್ನು "ಅಂದಾಜು ತಪ್ಪಿತು" ಎಂದು ಬಿಡಲು ನನ್ನಿಂದಾಗುವುದಿಲ್ಲ.

ಗ್ಯಾರೇಜಿನವರ ಕಡೆಯ ವಾದವೂ ಇದೆ, ಅದನ್ನು ಕೇಳಲೇಬೇಕು. ಅವರು ಹೇಳುವುದು: "ತೊಳೆದು, ಒಣಗಿಸಿ, ಓಡಿಸಿ ನೋಡಲು ಎರಡು ಗಂಟೆ ಬೇಕು. ಆ ಎರಡು ಗಂಟೆಗೆ ನಿಮ್ಮಂಥ ಗಿರಾಕಿಗಳು ಒಂದು ಪೈಸೆ ಕೊಡುವುದಿಲ್ಲ. 'ಬರೀ ನೋಡಿದ್ದಕ್ಕೆ ದುಡ್ಡಾ?' ಅನ್ನುತ್ತೀರಿ. ಪಾರ್ಟ್ ಹಾಕಿದರೆ ಮಾತ್ರ ಬಿಲ್ಲು. ಮತ್ತೆ ನಾವು ಪಾರ್ಟ್ ಹಾಕದೆ ಏನು ಮಾಡಬೇಕು?" ಈ ವಾದದಲ್ಲಿ ಹುರುಳಿದೆ. ಡಾಕ್ಟರು ನಾಡಿ ಹಿಡಿದು "ಏನಿಲ್ಲ, ಹೋಗಿ" ಎಂದರೂ ಕೈ ಮುಗಿದು ಫೀಸು ಕೊಡುವ ಜನ ನಾವು. ಮೆಕ್ಯಾನಿಕ್ ಹಾಗೆಯೇ ಹೇಳಿದರೆ ಥ್ಯಾಂಕ್ಸ್ ಹೇಳಿ ಹೊರಡುತ್ತೇವೆ. ತಲೆಗೆ ಬೆಲೆ ಇಲ್ಲ, ಕೈಗೆ ಮಾತ್ರ ಬೆಲೆ ಎಂದು ಅವನಿಗೆ ಕಲಿಸಿದವರು ಗಿರಾಕಿಗಳೇ.

ಆದರೆ ಅದು ಅರ್ಧ ಉತ್ತರ. ಹುಡುಕಲು ದುಡ್ಡು ಬೇಕೆಂದರೆ ಬಾಯಿಬಿಟ್ಟು ಕೇಳಲಿ, ಆ ಮಿಸ್ತ್ರಿ ಕೇಳಿದ ಹಾಗೆ. ಕೇಳದೆ, ಹುಡುಕದೆ, ಊಹೆಯನ್ನೇ ಪರೀಕ್ಷೆ ಎಂದು ಮಾರುವುದು ಬೇರೆ ವ್ಯವಹಾರ. ಅದರಲ್ಲೂ ಇವತ್ತು ಸಲಕರಣೆಗೆ ಬರವಿಲ್ಲ. ಎಣ್ಣೆಗೆ ಬೆರೆಸುವ ಹೊಳೆಯುವ ಬಣ್ಣ ಸಿಗುತ್ತದೆ. ಒಂದಿಷ್ಟು ಹಾಕಿ ಕಾರು ಓಡಿಸಿ, ನೇರಳಾತೀತ ಬೆಳಕಿನ ಟಾರ್ಚ್ ಬಿಟ್ಟರೆ ಸೋರುವ ಜಾಗ ಹಳದಿ-ಹಸಿರು ಹೊಳೆಯುತ್ತದೆ. ಎ.ಸಿ. ಗ್ಯಾಸ್ ಸೋರಿಕೆ ಹುಡುಕಲು ಇದೇ ಬಗೆಯ ಬಣ್ಣ, ಇದೇ ಟಾರ್ಚು ಬಳಸುತ್ತಾರೆ. ಎಂಜಿನ್ನಿಗೆ ಬಂದಾಗ ಮಾತ್ರ ಎಲ್ಲರೂ ಜ್ಯೋತಿಷಿಗಳು.

ಹಿಂದಿನ ಸೀಲ್ ಎಂದೂ ಹೋಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹೋಗುತ್ತದೆ. ಮೇಲೆಲ್ಲ ಒಣಗಿದ್ದು ಗೇರ್‌ಬಾಕ್ಸಿನ ಗಂಟೆಯಾಕಾರದ ಹೊದಿಕೆಯ ಒಳಗಿನಿಂದಲೇ ಎಣ್ಣೆ ಬರುತ್ತಿದ್ದರೆ, ಜೊತೆಗೆ ಕ್ಲಚ್ ಜಾರುತ್ತಿದ್ದರೆ, ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದಾಗ ಸವೆದ ಕ್ಲಚ್ ಬದಲಿಸುವುದೂ ಬುದ್ಧಿವಂತಿಕೆ. ಹೊಸ ಪಿಸಿವಿ ವಾಲ್ವು ಹಾಕಿದ ಮೇಲೂ ಕಾಗದ ಎಗರುತ್ತಿದ್ದು, ಹೊಗೆ ನೀಲಿಯಾಗಿ ಬರುತ್ತಿದ್ದರೆ ರಿಂಗು ಪಿಸ್ಟನ್ನಿನ ಮಾತು ಎತ್ತಲಿ. ತಕರಾರಿಲ್ಲ. ಸಾಕ್ಷಿ ತೋರಿಸಿ ಆಮೇಲೆ ಶಿಕ್ಷೆ ಕೊಡಿ ಎನ್ನುವುದಷ್ಟೇ ನನ್ನ ಮಾತು.

ಹುಡುಕುವ ಗೋಜೇ ಬೇಡ ಎನ್ನುವ ಇನ್ನೊಂದು ಪಂಗಡ ಇದೆ, ಗಮ್ಮಿನವರು. ಎಲ್ಲಿ ಒದ್ದೆ ಕಂಡರೂ ಸಿಲಿಕಾನ್ ಗಮ್ ಮೆತ್ತುತ್ತಾರೆ. ಕೆಲವು ಸಂದುಗಳಿಗೆ ಕಂಪನಿಯೇ ಗಮ್ ಹಚ್ಚಲು ಹೇಳಿರುತ್ತದೆ ನಿಜ, ಅಳತೆಗೆ ತಕ್ಕ ಒಂದು ತೆಳು ಎಳೆ. ಇವರು ಇಡ್ಲಿಗೆ ಚಟ್ನಿ ಹಾಕಿದ ಹಾಗೆ ಹಾಕುತ್ತಾರೆ. ಒಳಕ್ಕೆ ಉಬ್ಬಿದ ಗಮ್ಮು ಒಂದು ದಿನ ಕಿತ್ತು, ಎಣ್ಣೆಯ ಜೊತೆ ಚೇಂಬರಿಗೆ ಹೋಗಿ, ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಎಣ್ಣೆ ಮೇಲೇರುವುದಿಲ್ಲ. ಸಣ್ಣ ಸೋರಿಕೆಯ ಎಂಜಿನ್ ದೊಡ್ಡ ಸದ್ದು ಮಾಡಿ ಕಚ್ಚಿಕೊಳ್ಳುತ್ತದೆ. ಹಾಗೆಯೇ ಬೋಲ್ಟು ಬಿಗಿಯುವ ಪೈಲ್ವಾನರು. ಟ್ಯಾಪೆಟ್ ಕವರಿನ ಬೋಲ್ಟುಗಳಿಗೆ ಬೇಕಾದದ್ದು ಬಹಳ ಕಡಿಮೆ ಬಿಗಿ, ಹಲವು ಸಣ್ಣ ಎಂಜಿನ್‌ಗಳಲ್ಲಿ ಸುಮಾರು 10 ನ್ಯೂಟನ್ ಮೀಟರ್ ಅಷ್ಟೇ. ಅದಕ್ಕೆ ಮೈಯೆಲ್ಲ ಬಲ ಹಾಕಿದರೆ ಪ್ಯಾಕಿಂಗ್ ನಜ್ಜಾಗುತ್ತದೆ, ಅಲ್ಯೂಮಿನಿಯಂ ಹೆಡ್ಡಿನ ಮರೆ ಹರಿಯುತ್ತದೆ. ಫಿಲ್ಟರ್ ಬದಲಿಸುವಾಗ ಹಳೆಯದರ ರಬ್ಬರ್ ಎಂಜಿನ್ನಿಗೇ ಅಂಟಿ ಉಳಿದದ್ದನ್ನು ನೋಡದೆ ಅದರ ಮೇಲೇ ಹೊಸದನ್ನು ಕೂರಿಸುವವರೂ ಇದ್ದಾರೆ. ಎರಡು ರಬ್ಬರಿನ ನಡುವಿನಿಂದ ಎಣ್ಣೆ ಕೆಲವೇ ನಿಮಿಷಗಳಲ್ಲಿ ಖಾಲಿಯಾಗಬಹುದು.

ಮೂರನೆಯವರು ದಪ್ಪ ಎಣ್ಣೆಯವರು. "20ಡಬ್ಲ್ಯೂ-50 ಹಾಕಿ ಸಾಬ್, ಸೋರೋದು ನಿಲ್ಲುತ್ತೆ." ತೆಳು ಎಣ್ಣೆಗೆಂದು ಮಾಡಿದ ಎಂಜಿನ್ನಿಗೆ ದಪ್ಪ ಎಣ್ಣೆ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಮೇಲೇರಲು ತಡ, ಮೈಲೇಜ್ ಕಡಿಮೆ. ಸೋರಿಕೆ ನಿಧಾನವಾಗುತ್ತದೆ, ಗುಣವಾಗುವುದಿಲ್ಲ. ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ.

ಇನ್ನು ನಮ್ಮ ಕಡೆಯವರದೇ ಒಂದು ಗುಂಪು: "ಹಳೇ ಕಾರು ಅಂದ ಮೇಲೆ ಸೋರದೆ ಇರುತ್ತಾ? ಅರ್ಧ ಲೀಟರ್ ಟಾಪ್‌ಅಪ್ ಮಾಡಿದರಾಯಿತು." ಈ ಮಾತು ಕಾರ್ಕಿನ ಪ್ಯಾಕಿಂಗ್ ಕಾಲದ್ದು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ನಿಂತಲ್ಲೆಲ್ಲ ಸಹಿ ಹಾಕಿ ಹೋಗುತ್ತಿದ್ದವು, ನಿಜ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ನೋಂದಣಿಯಾಗಿ, 20 ವರ್ಷದ ಗಡುವು ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಕಾಲದ ವೇದಾಂತವೂ ಅದರ ಜೊತೆ ಹೋಗಲಿ. ಇವತ್ತಿನ ಎಂಜಿನ್ ಸೋರಿದರೆ ಅದಕ್ಕೊಂದು ವಿಳಾಸ ಇರುತ್ತದೆ.

ಟಾಪ್‌ಅಪ್ ಮಾಡಿ ಓಡಿಸುವುದರಲ್ಲಿ ಮೂರು ಅಪಾಯ ಇವೆ. ಮೇಲಿಂದ ಸೋರಿದ ಎಣ್ಣೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಸುಟ್ಟ ವಾಸನೆ, ಹೊಗೆ, ಕೆಟ್ಟ ಗಳಿಗೆಯಲ್ಲಿ ಬೆಂಕಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಕ್ಯಾಮ್ ಸೀಲಿನ ಎಣ್ಣೆ ಬೆಲ್ಟಿಗೆ ತಾಗಿದರೆ ರಬ್ಬರು ಹಾಳಾಗಿ ಬೆಲ್ಟ್ ಹರಿಯಬಹುದು. ಬಹಳಷ್ಟು ಎಂಜಿನ್‌ಗಳಲ್ಲಿ ಆಗ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಇದಕ್ಕೆ ಸೀಲು, ಬೆಲ್ಟು ಎರಡನ್ನೂ ಒಟ್ಟಿಗೇ ಬದಲಿಸಬೇಕು, ಜಿಪುಣತನ ಬೇಡ. ಮೂರನೆಯದು ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆಗಿಂಡಿಯ ದೀಪ. ಅದು ಎಣ್ಣೆ ಕಡಿಮೆಯಾಗುತ್ತಿದೆ ಎಂದು ಮುಂಚಿತವಾಗಿ ಹೇಳುವ ದೀಪವೆಂದು ಹಲವರು ತಿಳಿದಿದ್ದಾರೆ. ಒತ್ತಡ ಬಿದ್ದೇ ಹೋಯಿತು ಎಂದು ಹೇಳುವ ದೀಪ ಅದು. ಹತ್ತಿದರೆ "ಮುಂದಿನ ಪೆಟ್ರೋಲ್ ಪಂಪಿನವರೆಗೆ" ಎನ್ನುವ ಮಾತಿಲ್ಲ, ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು.

ನಾಲ್ಕನೆಯದೂ ಇದೆ, ಅದು ನಮಗೆ ಕಾಣುವುದಿಲ್ಲ. ಜೂನ್‌ನ ಮೊದಲ ಮಳೆ ಬಿದ್ದಾಗ ಈ ನಗರದ ರಸ್ತೆಗಳಲ್ಲಿ ಬೈಕುಗಳು ಜಾರಿ ಬೀಳುವುದನ್ನು ನೋಡಿಲ್ಲವೇ? ತಿಂಗಳುಗಟ್ಟಲೆ ತೊಟ್ಟಿಕ್ಕಿದ ಎಣ್ಣೆ, ಧೂಳು ನೀರಿನ ಜೊತೆ ಕಲಸಿ ಸೋಪಿನ ಹಾಗಾಗುತ್ತದೆ. ನಮ್ಮ ಹನಿ, ಬೇರೆಯವರ ಮಗನ ಮೊಣಕಾಲು. ಆದ್ದರಿಂದ ಸೋರಿಕೆ ಮಾಲೀಕನ ಸ್ವಂತ ವಿಷಯ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಗ್ಯಾರೇಜಿಗೆ ಹೋಗುವ ಮೊದಲು ಒಂದು ರಾತ್ರಿ ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿ. ಚಕ್ರಗಳು ಎಲ್ಲಿದ್ದವು ಎಂದು ಪೆನ್ನಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಬಣ್ಣ ನೋಡಿ. ಕಂದು ಅಥವಾ ಕಪ್ಪು ಆದರೆ ಎಂಜಿನ್ ಆಯಿಲ್ ಇರಬಹುದು. ಕೆಂಪಗಿದ್ದರೆ ಪವರ್ ಸ್ಟೀರಿಂಗಿನದೋ ಆಟೊಮ್ಯಾಟಿಕ್ ಗೇರಿನದೋ. ಹಸಿರು, ಗುಲಾಬಿ ಬಣ್ಣದ ನೀರಾದರೆ ಕೂಲಂಟ್. ಮೂಗಿಗೆ ಹೊಡೆಯುವ ಘಾಟು ವಾಸನೆಯಿದ್ದರೆ ಗೇರ್ ಆಯಿಲ್. ಬರೀ ನೀರಾದರೆ ಎ.ಸಿ.ಯದ್ದು, ನಿಶ್ಚಿಂತೆಯಿಂದ ಕಾಫಿ ಕುಡಿಯಿರಿ. ರಟ್ಟು ಒಣಗಿದ್ದೂ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಇಳಿಯುತ್ತಿದ್ದರೆ ಎಣ್ಣೆ ಒಳಗೇ ಉರಿಯುತ್ತಿರಬಹುದು, ಅದು ಬೇರೆ ಕಾಯಿಲೆ. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆ ದಾಟಿ ಎಣ್ಣೆ ತುಂಬಿದ್ದರೂ ಹೇಳಿ, ಹೆಚ್ಚು ಎಣ್ಣೆಯೂ ಕೇಡೇ. ಒಂದು ಎಚ್ಚರ: ಬರೀ ಜ್ಯಾಕ್ ಏರಿಸಿದ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು ನಾಲ್ಕು. ತೊಳೆದು ನೋಡಿ, ಅದಕ್ಕೆ ಬೇರೆ ದುಡ್ಡು ಕೊಡುತ್ತೇನೆ. ಸೋರುವ ಜಾಗ ತೋರಿಸಿ, ಇಲ್ಲವೇ ಫೋಟೊ ಕಳಿಸಿ. ಪಿಸಿವಿ ವಾಲ್ವು ನೋಡಿದಿರಾ? ಅಂದಾಜು ಬರೆದುಕೊಡಿ, ತೆಗೆದ ಹಳೆಯ ಪಾರ್ಟು ನನಗೆ ಕೊಡಿ. ಬಿಲ್ಲು ಬೇಡ ಎಂದು ನೂರಿನ್ನೂರು ಉಳಿಸುವ ಆಸೆ ಬಿಡಿ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆಗೆ ದೂರು ಕೊಡಬಹುದು. ಬಿಲ್ಲು ಕೊಡದಿರುವುದನ್ನೂ ಅದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಕೋರ್ಟಿಗೆ ಹೋಗದಿದ್ದರೂ, ಬಿಲ್ಲು ಕೇಳುವ ಗಿರಾಕಿಯ ಕಾರನ್ನು ಎರಡು ಸಲ ಯೋಚಿಸಿ ಬಿಚ್ಚುತ್ತಾರೆ.

ಇಷ್ಟನ್ನು ಕೇಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ, ಶುದ್ಧ ಹಿಂದಿಯೂ ಬೇಕಾಗಿಲ್ಲ. "ಪೆಹಲೇ ದಿಖಾಓ, ಫಿರ್ ಖೋಲೋ." ಮೊದಲು ತೋರಿಸು, ಆಮೇಲೆ ಬಿಚ್ಚು. ನಾಲ್ಕು ಶಬ್ದ. ನಿಮ್ಮ ಕಟ್ಟಡದಲ್ಲೂ ಒಬ್ಬ ಕಾಕಾ ಇರುತ್ತಾರೆ. ಅವರು ಒಬ್ಬರೇ ಗ್ಯಾರೇಜಿಗೆ ಹೊರಟದ್ದು ಕಂಡರೆ ಜೊತೆಗೆ ಹೋಗಿ, ಈ ನಾಲ್ಕು ಶಬ್ದ ಅವರ ಪರವಾಗಿ ನೀವು ಹೇಳಿ.